ದೊಡ್ಡಪ್ಪನ್ನ ಕರ್ಕೊಂಡು ಬಾಡಿಗೆ ಥಿಯೇಟರ್ ರೂಮಲ್ಲಿ ‘ದಿ ಲಾಸ್ಟ್ ಫ್ಲೈಟ್’ ನೋಡಿದ್ವಿ

ಮೈಸೂರಲ್ಲಿ ಈಗ ಅಲ್ಲಲ್ಲಿ ಈ ಪ್ರೈವೇಟ್ ಥಿಯೇಟರ್ ರೂಮ್‌ಗಳು ಶುರುವಾಗಿವೆ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ, ಬಹಳ ಜನ ಹೋಗೋದು ಬರ್ತ್‌ಡೇಗೆ, ಬಲೂನ್ ಕಟ್ಟಿಸಿ ಕೇಕ್ ಕಟ್ ಮಾಡಿ ಒಂದು ಸಿನಿಮಾ ನೋಡ್ಕೊಂಡು ಬರ್ತಾರೆ. ನಾವು ಹೋದ ಭಾನುವಾರ ಸರಸ್ವತಿಪುರಂನಲ್ಲಿರೋ ಒಂದು ರೂಮಿಗೆ ಹೋಗಿದ್ದು ಬರೀ ಇಪ್ಪತ್ತೈದು ನಿಮಿಷದ ಒಂದು ಕಪ್ಪು ಬಿಳುಪು ಟಿವಿ ನಾಟಕ ನೋಡೋಕೆ. ಅಮೆರಿಕದ ಟಿವಿಯಲ್ಲಿ 1960ರ ಫೆಬ್ರವರಿ 5ಕ್ಕೆ ಬಂದಿದ್ದು, ‘ದಿ ಟ್ವೈಲೈಟ್ ಝೋನ್’ ಸರಣಿಯ ‘ದಿ ಲಾಸ್ಟ್ ಫ್ಲೈಟ್’. ಇಪ್ಪತ್ತೈದು ನಿಮಿಷಕ್ಕೆ ಎರಡು ಗಂಟೆ ಬುಕ್ ಮಾಡಿದ್ದೀಯಲ್ಲ ಅಂತ ಅಮ್ಮ ಬೈದ್ರು, ಕೊನೆಗೆ ಎರಡು ಗಂಟೆಯೂ ಸಾಲಲಿಲ್ಲ.

ದೊಡ್ಡಪ್ಪನ ಬಗ್ಗೆ ಮೊದಲು ಹೇಳ್ಬೇಕು, ಇಲ್ಲಾಂದ್ರೆ ಈ ರಿವ್ಯೂ ಅರ್ಥ ಆಗಲ್ಲ. ಅವರು ಪಾಂಡವಪುರದ ಹತ್ತಿರದ ಹಳ್ಳಿಯವರು, ಏರ್‌ಫೋರ್ಸ್‌ನಲ್ಲಿ ಇಂಜಿನ್ ಫಿಟ್ಟರ್ ಆಗಿದ್ರು, ಜಾಲಹಳ್ಳಿಯಲ್ಲಿ ಟ್ರೇನಿಂಗ್ ಆಯ್ತು, ಆಮೇಲೆ ಬಹಳ ವರ್ಷ ಬೀದರ್‌ನಲ್ಲಿ ಕಿರಣ್ ವಿಮಾನಗಳ ಮೇಲೆ ಕೆಲಸ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ ಟ್ರೈನರ್ ಜೆಟ್ ಅದು, ಹೊಸ ಹುಡುಗರು ಹಾರೋದು ಕಲಿಯೋಕೆ. ಈಗ ವಯಸ್ಸು ಎಪ್ಪತ್ನಾಲ್ಕು, ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಫೋನಲ್ಲಿ ಏನು ತೋರಿಸಿದ್ರೂ ‘ಇಷ್ಟು ಚಿಕ್ಕದರಲ್ಲಿ ಏನ್ ನೋಡ್ಲವ್ವಾ’ ಅಂತಾರೆ. ಈ ನಾಟಕನ ನಾನು ಒಂದು ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಒಬ್ಬಳೇ ನೋಡಿದ್ದೆ, ಮುಗಿದ ತಕ್ಷಣ ತಲೆಗೆ ಬಂದಿದ್ದು ಇದನ್ನ ದೊಡ್ಡಪ್ಪ ನೋಡ್ಲೇಬೇಕು, ದೊಡ್ಡದಾಗಿ ನೋಡ್ಬೇಕು ಅಂತ.

ಕಥೆ ಸಿಂಪಲ್. 1917ರ ಮಾರ್ಚ್ 5, ಮೊದಲ ಮಹಾಯುದ್ಧ. ಬ್ರಿಟಿಷರ ರಾಯಲ್ ಫ್ಲೈಯಿಂಗ್ ಕೋರ್‌ನ ಲೆಫ್ಟಿನೆಂಟ್ ಡೆಕರ್ ಅನ್ನೋ ಪೈಲಟ್ ಒಂದು ವಿಚಿತ್ರವಾದ ಬಿಳಿ ಮೋಡದೊಳಗೆ ನುಗ್ತಾನೆ, ಆಚೆ ಬಂದು ಕೆಳಗಿಳಿದ್ರೆ ಅದು ಫ್ರಾನ್ಸ್‌ನಲ್ಲಿರೋ ಅಮೆರಿಕದ ಏರ್‌ಬೇಸು, ಸುತ್ತ ಜೆಟ್ ವಿಮಾನಗಳು, ತಾರೀಖು ಅದೇ ಮಾರ್ಚ್ 5, ಇಸವಿ ಮಾತ್ರ 1959. ಯಾರೂ ನಂಬಲ್ಲ, ತಮಾಷೆ ಮಾಡೋಕೆ ಹಳೇ ಡ್ರೆಸ್ ಹಾಕ್ಕೊಂಡು ಬಂದಿದ್ದಾನೆ ಅಂತ ಹಿಡಿದು ಜನರಲ್ ಮುಂದೆ ಕೂರಿಸ್ತಾರೆ. ಅವನ ಜೊತೆ ಹಾರ್ತಿದ್ದ ಮೆಕಾಯ್ ಅನ್ನೋ ಗೆಳೆಯ ಸತ್ತೇ ಹೋಗಿದ್ದಾನೆ ಅಂತ ಇವನು ಅಂದ್ಕೊಂಡಿದ್ದಾನೆ, ಯಾಕಂದ್ರೆ ಏಳು ಜರ್ಮನ್ ವಿಮಾನ ಮುತ್ಕೊಂಡಾಗ ಅವನನ್ನ ಬಿಟ್ಟು ಇವನೇ ಓಡಿ ಬಂದಿದ್ದು. ಆದ್ರೆ ಆ ಮೆಕಾಯ್ ಬದುಕಿದ್ದಾನೆ, ದೊಡ್ಡ ಅಧಿಕಾರಿ ಆಗಿದ್ದಾನೆ, ಅವತ್ತೇ ಅದೇ ಬೇಸ್‌ಗೆ ಬರ್ತಿದ್ದಾನೆ ಅಂತ ಗೊತ್ತಾಗುತ್ತೆ. ಹಾಗಾದ್ರೆ ಅವನನ್ನ ಉಳಿಸಿದ್ದು ಯಾರು? ಇಷ್ಟೇ ಹೇಳ್ತೀನಿ, ಕೊನೆಯ ಐದು ನಿಮಿಷ ನೀವೇ ನೋಡ್ಬೇಕು.

ಇದನ್ನ ಬರೆದದ್ದು ರಿಚರ್ಡ್ ಮ್ಯಾಥೆಸನ್, ಆ ಸರಣಿಗೆ ಅವರೇ ಬರೆದ ಮೊದಲ ಸ್ಕ್ರಿಪ್ಟು. ನಾನು ಇದನ್ನ ನಾಟಕ ಅಂತಾನೇ ಕರೀತೀನಿ, ಯಾಕಂದ್ರೆ ಮುಕ್ಕಾಲು ಪಾಲು ಒಂದು ಆಫೀಸು, ಒಂದು ಕೋಣೆ, ಒಂದು ಟೇಬಲ್, ಅಷ್ಟರಲ್ಲೇ ಎಲ್ಲ ನಡೆಯುತ್ತೆ. ಡೆಕರ್ ಪಾತ್ರ ಮಾಡಿರೋ ಕೆನೆತ್ ಹೇಗ್ ಲಂಡನ್ನಿನ ರಂಗಭೂಮಿಯವನು, ಮುದಿ ಮೆಕಾಯ್ ಆಗಿರೋ ರಾಬರ್ಟ್ ವಾರ್ವಿಕ್ 1878ರಲ್ಲಿ ಹುಟ್ಟಿದವರು, ಮೂಕಿ ಸಿನಿಮಾ ಕಾಲದಲ್ಲೇ ಹೀರೋ ಆಗಿದ್ದವರು, ಈ ನಾಟಕ ಮಾಡೋವಾಗ ಎಂಬತ್ತು ದಾಟಿತ್ತು. ರಂಗಾಯಣದಲ್ಲಿ ಮುಂದಿನ ಸಾಲಲ್ಲಿ ಕೂತು ನೋಡಿದವರಿಗೆ ಗೊತ್ತಿರುತ್ತೆ, ನಟ ಮಾತು ನಿಲ್ಲಿಸಿ ಉಸಿರು ಎಳ್ಕೊಳ್ಳೋದು ಕೂಡ ನಮಗೆ ತಲುಪುತ್ತಲ್ಲ, ಇದರಲ್ಲೂ ಅದೇ ತರ. ‘ನಾನು ಹೇಡಿ’ ಅಂತ ಡೆಕರ್ ಒಪ್ಕೊಳ್ಳೋ ಜಾಗದಲ್ಲಿ ಕ್ಯಾಮೆರಾ ಅವನ ಮುಖ ಬಿಟ್ಟು ಎಲ್ಲೂ ಹೋಗೋದು ಬೇಡ ಅನ್ಸುತ್ತೆ.

ಈಗ ರೂಮಿನ ವಿಷಯ. ಎರಡು ಗಂಟೆಗೆ 1,100 ರೂಪಾಯಿ, ನಾಲ್ಕು ಜನಕ್ಕೆ. ಮೊದಲನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲು ಅಗಲ ಇದೆ, ಕೈಹಿಡಿ ಗಟ್ಟಿ ಇದೆ, ವಯಸ್ಸಾದವರು ನಿಧಾನಕ್ಕೆ ಹತ್ಬಹುದು. ಸೀಟುಗಳು ಸಖತ್ತಾಗಿವೆ, ಹಿಂದಕ್ಕೆ ಒರಗ್ತವೆ, ಆದ್ರೆ ದೊಡ್ಡಪ್ಪನಿಗೆ ಒರಗಿದ್ರೆ ಆಗಲ್ಲ ಅಂತ ಹೇಳಿದ ತಕ್ಷಣ ಅಲ್ಲಿದ್ದ ಹುಡುಗ ಒಳಗಿಂದ ಒಂದು ಮರದ ಕುರ್ಚಿ ತಂದು, ಅದಕ್ಕೆ ದಿಂಬು ಹಾಕಿ ಮಧ್ಯದಲ್ಲೇ ಇಟ್ಟ. ನನ್ನ ಡಿಸ್ಕ್‌ಗಳು ಅಮೆರಿಕದಲ್ಲಿರೋ ಗೆಳತಿ ಕಳಿಸಿದ್ದು, ಅಲ್ಲಿನ ಡಿವಿಡಿ ರೀಜನ್ 1, ನಮ್ಮ ದೇಶದ್ದು ರೀಜನ್ 5, ಮನೆಯ ಪ್ಲೇಯರ್‌ಗೆ ಹಾಕಿದ್ರೆ ರೀಜನ್ ತಪ್ಪು ಅಂತ ಉಗುಳ್ತಿತ್ತು. ಫೋನ್ ಮಾಡಿದಾಗ್ಲೇ ಇದನ್ನ ಹೇಳಿದ್ದೆ, ಆ ಹುಡುಗ ಎಲ್ಲಾ ರೀಜನ್ ಓದೋ ಪ್ಲೇಯರ್ ಇದೆ ಅಕ್ಕ ತನ್ನಿ ಅಂದ, ಅಂದಂಗೇ ಓಡ್ತು. ನೀವೂ ಡಿಸ್ಕ್ ತಗೊಂಡು ಹೋಗೋದಾದ್ರೆ ಇದನ್ನ ಮೊದಲೇ ಕೇಳ್ಕೊಳ್ಳಿ.

ಶುರುವಿನಲ್ಲಿ ಎರಡು ತಪ್ಪಾಯ್ತು, ಎರಡನ್ನೂ ಸರಿ ಮಾಡ್ಸಿದೆ, ಇದು ಬೇರೆಯವರಿಗೂ ಉಪಯೋಗ ಆಗುತ್ತೆ ಅಂತ ವಿವರವಾಗಿ ಬರೀತೀನಿ. ಮೊದಲನೇದು ಚಿತ್ರ. ಆ ಕಾಲದ ಟಿವಿ ಪರದೆ ಬಹುತೇಕ ಚೌಕ, 4:3, ಈಗಿನ ಪರದೆ ಉದ್ದಕ್ಕೆ, 16:9. ಇವರು ಪರದೆ ತುಂಬಿಸ್ಬೇಕು ಅಂತ ಎಳೆದು ಇಟ್ಟಿದ್ರು, ಎಲ್ಲರ ಮುಖ ಅಡ್ಡಡ್ಡ ಊದಿಕೊಂಡಂಗೆ, ವಿಮಾನದ ಚಕ್ರ ಕೋಳಿಮೊಟ್ಟೆ ತರ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದ್ರೂ ಪರವಾಗಿಲ್ಲ ಒರಿಜಿನಲ್ ಅಳತೆ ಇಡಿ ಅಂದೆ. ಎರಡನೇದು ಸೌಂಡು. ಒಂದೇ ಕಡೆಯಿಂದ ಬರೋ ಮೋನೋ ಸೌಂಡ್ ಅದು, ಅದನ್ನ ಸುತ್ತ ಇರೋ ಎಲ್ಲಾ ಸ್ಪೀಕರ್‌ಗೂ ಹಂಚಿ ಯಾವುದೋ ಹಾಲ್ ಎಫೆಕ್ಟ್ ಹಾಕಿದ್ರು, ಜನರಲ್ ಮಾತಾಡಿದ್ರೆ ಕಲ್ಯಾಣ ಮಂಟಪದ ಮೈಕ್‌ನಲ್ಲಿ ಮಾತಾಡ್ದಂಗೆ ಗುಂಯ್ ಅಂತಿತ್ತು. ಮುಂದಿನ ಸ್ಪೀಕರ್ ಮಾತ್ರ ಸಾಕು ಅಂದ ಮೇಲೆ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳಿಸ್ತು. ಪ್ರೊಜೆಕ್ಟರ್ ಕೂಡ ತುಂಬಾ ಬ್ರೈಟ್ ಮೋಡ್‌ನಲ್ಲಿತ್ತು, ಬಿಳಿ ಎಲ್ಲಾ ನೀಲಿಗೆ ತಿರುಗಿತ್ತು, ಸಿನಿಮಾ ಮೋಡ್‌ಗೆ ಹಾಕಿಸಿದ್ವಿ. ಆ ಹುಡುಗ ಬೇಜಾರು ಮಾಡ್ಕೊಳ್ಳದೆ ಎಲ್ಲಾ ಮಾಡಿದ, ಮಾಡಿ ಆದ್ಮೇಲೆ ತಾನೂ ಹಿಂದೆ ನಿಂತು ನೋಡಿ ‘ಹೌದಲ್ಲ ಅಕ್ಕ, ಹೀಗೇ ಚೆನ್ನಾಗಿದೆ’ ಅಂದ. ನನಗೆ ಇದಕ್ಕೇ ಪೂರ್ತಿ ಮಾರ್ಕ್ಸ್ ಕೊಡ್ಬೇಕು ಅನ್ಸಿದ್ದು, ಗೊತ್ತಿಲ್ದೇ ಇರೋದು ತಪ್ಪಲ್ಲ, ಹೇಳಿದ್ರೆ ಕೇಳೋರು ಎಷ್ಟು ಜನ ಸಿಗ್ತಾರೆ.

ವಿಮಾನ ಕೆಳಗಿಳಿಯೋ ದೃಶ್ಯ ಬಂತು. ಇದನ್ನ ಕ್ಯಾಲಿಫೋರ್ನಿಯಾದ ನಾರ್ಟನ್ ಏರ್‌ಫೋರ್ಸ್ ಬೇಸ್‌ನಲ್ಲಿ ನಿಜವಾಗ್ಲೂ ವಿಮಾನ ಇಳಿಸಿ ತೆಗೆದಿದ್ದಾರೆ, ಮಾಡೆಲ್ ಅಲ್ಲ. ಹಳೇ ನ್ಯೂಪೋರ್ಟ್ 28 ವಿಮಾನ, ಫ್ರಾಂಕ್ ಟಾಲ್‌ಮನ್ ಅನ್ನೋ ಪೈಲಟ್‌ನ ಸ್ವಂತದ್ದು, ಹಾರಿಸಿದ್ದೂ ಅವನೇ. ದೊಡ್ಡ ದೊಡ್ಡ ಜೆಟ್‌ಗಳ ನಡುವೆ ಅದು ನಿಂತಾಗ ಹಬ್ಬದ ದಿನ ಅಂಗಳಕ್ಕೆ ದಾರಿ ತಪ್ಪಿ ಬಂದ ಕರು ತರ ಕಾಣುತ್ತೆ. ದೊಡ್ಡಪ್ಪ ಮುಂದಕ್ಕೆ ಬಗ್ಗಿ ಕೂತ್ರು, ‘ನಿಲ್ಲಿಸವ್ವಾ, ನಿಲ್ಲಿಸು’ ಅಂದ್ರು. ಹುಡುಗ ಪಾಸ್ ಮಾಡಿದ.

‘ಅದರ ಇಂಜಿನ್ ತಿರುಗೋ ಇಂಜಿನ್ ಕಣವ್ವಾ’ ಅಂತ ಶುರು ಮಾಡಿದ್ರು. ನಾವು ಫ್ಲಾಸ್ಕ್‌ನಲ್ಲಿ ಕಾಫಿ ತಗೊಂಡು ಹೋಗಿದ್ವಿ, ಲೋಟ ದವರಾನೂ ಇತ್ತು. ಎಡಗೈಲಿ ಖಾಲಿ ಲೋಟನ ಬಿಗಿಯಾಗಿ ಹಿಡ್ಕೊಂಡು, ದವರಾನ ತಲೆಕೆಳಗೆ ಮಾಡಿ ಅದರ ಮೇಲೆ ಮುಚ್ಚಿ, ಬಲಗೈಲಿ ದವರಾನ ಮಾತ್ರ ತಿರುಗಿಸಿದ್ರು. ಲೋಟ ಕ್ರ್ಯಾಂಕ್‌ಶಾಫ್ಟು, ಅಂದ್ರೆ ಇಂಜಿನ್ ಮಧ್ಯದ ದಂಡ, ಅದು ವಿಮಾನದ ಮೈಗೆ ಬೋಲ್ಟ್ ಆಗಿರುತ್ತೆ, ಅಲ್ಲಾಡಲ್ಲ, ದವರಾ ಇಂಜಿನ್ನು, ಒಂಬತ್ತು ಸಿಲಿಂಡರ್ ಸಮೇತ ಇಡೀ ಇಂಜಿನ್ನೇ ಪ್ರೊಪೆಲರ್ ಜೊತೆ ಗಿರಗಿರ ತಿರುಗುತ್ತೆ. ತಿರುಗ್ತಾನೇ ಗಾಳಿಗೆ ತಣ್ಣಗಾಗುತ್ತೆ, ಅದಕ್ಕೇ ಆ ಕಾಲದಲ್ಲಿ ಹಂಗೆ ಮಾಡಿದ್ರು. ಈ ವಿಮಾನದ್ದು ನೋಮ್ ಅನ್ನೋ ಫ್ರೆಂಚ್ ಕಂಪನಿಯ 160 ಕುದುರೆ ಶಕ್ತಿದು, ಅದಕ್ಕೆ ನಮ್ಮ ಬೈಕಿನ ತರ ಆಕ್ಸಿಲರೇಟರ್ ಇಲ್ಲ, ವೇಗ ಕಮ್ಮಿ ಮಾಡ್ಬೇಕಂದ್ರೆ ಕಿಡಿ ಕಟ್ ಮಾಡ್ತಾ ಬಿಡ್ತಾ ಇಳಿಸ್ಬೇಕು. ಇಷ್ಟೆಲ್ಲ ಹೇಳಿ ‘ಎಣ್ಣೆ ಏನ್ ಹಾಕ್ತಿದ್ರು ಹೇಳು’ ಅಂದ್ರು. ಹರಳೆಣ್ಣೆ! ಪೆಟ್ರೋಲ್‌ನಲ್ಲಿ ಸುಲಭಕ್ಕೆ ಕರಗಲ್ಲ ಅಂತ ಹರಳೆಣ್ಣೆನೇ ಬೇಕಿತ್ತಂತೆ, ಒಮ್ಮೆ ಒಳಗೆ ಹೋದ ಎಣ್ಣೆ ವಾಪಸ್ ಬರೋ ವ್ಯವಸ್ಥೆ ಇಲ್ಲ, ಸುಟ್ಟು ಹೊಗೆಯಾಗಿ ಪೈಲಟ್ ಮುಖಕ್ಕೆ ಎರಚ್ತಿತ್ತು. ಅಮ್ಮ ‘ಅಯ್ಯೋ ಹೊಟ್ಟೆ ಗತಿ’ ಅಂದ್ರು, ಹೌದು, ಆ ಪೈಲಟ್‌ಗಳಿಗೆ ಅದೊಂದು ನಿಜವಾದ ಕಷ್ಟ ಆಗಿತ್ತಂತೆ. ನಮ್ಮ ಅಜ್ಜಿ ಮನೇಲಿ ಹರಳು ಹುರಿದು ಕುಟ್ಟಿ ಬೇಯಿಸಿ ಎಣ್ಣೆ ತೆಗೀತಿದ್ದ ವಾಸನೆ ಎಲ್ಲರಿಗೂ ಒಟ್ಟಿಗೆ ನೆನಪಾಯ್ತು, ನೂರು ವರ್ಷದ ಹಿಂದಿನ ಫ್ರಾನ್ಸ್‌ನ ಆಕಾಶದಲ್ಲಿ ಅದೇ ವಾಸನೆ ಇತ್ತು ಅಂದ್ರೆ ನನಗೆ ಮೈ ಜುಂ ಅಂತು.

ನಾಟಕದಲ್ಲಿ ತಪ್ಪುಗಳೂ ಇವೆ, ಅವನ್ನ ಹೇಳ್ದೇ ಬರೀ ಹೊಗಳಿದ್ರೆ ಸರಿ ಇರಲ್ಲ. ನ್ಯೂಪೋರ್ಟ್ 28 ಮೊದಲ ಸಲ ಹಾರಿದ್ದೇ 1917ರ ಜೂನ್‌ನಲ್ಲಿ, ಮಾರ್ಚ್‌ನಲ್ಲಿ ಡೆಕರ್ ಅದನ್ನ ಹಾರ್ಸೋಕೆ ಸಾಧ್ಯನೇ ಇಲ್ಲ. ಅವನು ನಾನು 56ನೇ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಅಂತಾನೆ, ಆ ಸ್ಕ್ವಾಡ್ರನ್ ಫ್ರಾನ್ಸ್‌ಗೆ ಬಂದಿದ್ದು 1917ರ ಏಪ್ರಿಲ್‌ನಲ್ಲಿ, ಅವರು ಹಾರಿಸ್ತಿದ್ದಿದ್ದು ಎಸ್.ಇ.5 ಅನ್ನೋ ಬ್ರಿಟಿಷ್ ವಿಮಾನ. ದೊಡ್ಡಪ್ಪನಿಗೆ ಇದು ದೊಡ್ಡ ವಿಷಯ ಅನ್ನಿಸ್ಲಿಲ್ಲ, ಸಿಕ್ಕ ವಿಮಾನದಲ್ಲಿ ತೆಗೆದಿದ್ದಾರೆ ಬಿಡು, ಸಿಕ್ಕಿದ್ದೇ ಪುಣ್ಯ ಅಂದ್ರು. ನಾನೂ ಒಪ್ತೀನಿ, ಹಾರೋ ಸ್ಥಿತಿಯಲ್ಲಿರೋ ನಿಜವಾದ ಹಳೇ ವಿಮಾನ ಕಣ್ಮುಂದೆ ಇಳಿಯೋದಕ್ಕೂ, ಲೆಕ್ಕ ಸರಿ ಇರೋ ಆಟಿಕೆಗೂ ಬಹಳ ವ್ಯತ್ಯಾಸ ಇದೆ.

ಆದ್ರೆ ಈ 56ನೇ ಸ್ಕ್ವಾಡ್ರನ್ ಅನ್ನೋ ಮಾತು ಕೇಳಿದಾಗಿಂದ ನನಗೆ ಬೇರೆ ಒಬ್ಬರು ನೆನಪಾಗ್ತಾನೇ ಇದ್ರು. ಇಂದ್ರ ಲಾಲ್ ರಾಯ್, ಕಲ್ಕತ್ತೆಯಲ್ಲಿ ಹುಟ್ಟಿದ ಹುಡುಗ, 1917ರ ಅಕ್ಟೋಬರ್‌ನಲ್ಲಿ ಇದೇ 56ನೇ ಸ್ಕ್ವಾಡ್ರನ್ ಸೇರ್ಕೊಂಡ, ಡಿಸೆಂಬರ್‌ನಲ್ಲಿ ವಿಮಾನ ಅಪಘಾತ ಆಗಿ ಪ್ರಜ್ಞೆ ತಪ್ಪಿ ಬಿದ್ದಾಗ ಸತ್ತ ಅಂತ ಹೆಣದ ಕೋಣೆಗೆ ಹಾಕಿದ್ರು, ಎಚ್ಚರ ಆದ್ಮೇಲೆ ಒಳಗಿಂದ ಬಾಗಿಲು ಬಡಿದ ಅಂತ ಕಥೆ ಹೇಳ್ತಾರೆ. ಅಲ್ಲಿಂದ ಎದ್ದು ಬಂದವನು ವಾಪಸ್ ಹಾರಿದ, 40ನೇ ಸ್ಕ್ವಾಡ್ರನ್‌ನಲ್ಲಿ 1918ರ ಜುಲೈನಲ್ಲಿ ಎರಡು ವಾರದೊಳಗೆ ವಿಮಾನ ಕಾಳಗದಲ್ಲಿ ಹತ್ತು ಗೆಲುವು, ಜುಲೈ 22ಕ್ಕೆ ಯುದ್ಧದಲ್ಲೇ ಸತ್ತ, ವಯಸ್ಸು ಹತ್ತೊಂಬತ್ತು. ಮೋಡದಿಂದ ಬಂದ ಡೆಕರ್ ಬರೆದ ಪಾತ್ರ, ಈ ಹುಡುಗ ನಿಜ. ಇದನ್ನ ನಾಟಕ ಮುಗಿದ ಮೇಲೆ ಹೇಳೋಣ ಅಂತಿದ್ದೆ, ತಡ್ಕೊಳ್ಳೋಕೆ ಆಗದೆ ಮಧ್ಯದಲ್ಲೇ ಪಾಸ್ ಮಾಡ್ಸಿ ಹೇಳಿದೆ. ಅಮ್ಮ ‘ಅವರಮ್ಮನಿಗೆ ಎರಡು ಸಲ ಸುದ್ದಿ ಹೋಯ್ತೇನೋ’ ಅಂದ್ರು, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ.

ಭಯದ ವಿಷಯದಲ್ಲಿ ಈ ನಾಟಕ ಎಲ್ಲೂ ಸುಳ್ಳು ಹೇಳಲ್ಲ, ನನಗೆ ಅದೇ ಇದರ ದೊಡ್ಡ ಗುಣ. ಡೆಕರ್ ಒಂದು ಸಲ ಹೆದರಿದವನಲ್ಲ, ಯುದ್ಧ ಶುರುವಾದಾಗಿಂದ ಜಗಳ ತಪ್ಪಿಸ್ಕೊಂಡು ಓಡಾಡಿದವನು, ಅದನ್ನ ಅವನ ಬಾಯಿಂದಲೇ ಹೇಳಿಸ್ತಾರೆ. ಹೆದರದೇ ಇನ್ನೇನು ಮಾಡ್ಬೇಕಿತ್ತು ಅಂತ ನನಗೂ ಅನ್ಸಿತು. ಆ ಪೈಲಟ್‌ಗಳಿಗೆ ಪ್ಯಾರಾಚೂಟ್ ಕೊಡ್ತಿರಲಿಲ್ಲ. 1917ರ ಏಪ್ರಿಲ್ ಒಂದೇ ತಿಂಗಳಲ್ಲಿ ಬ್ರಿಟಿಷರು 245 ವಿಮಾನ ಕಳ್ಕೊಂಡ್ರು, ಮರ ಬಟ್ಟೆ ತಂತಿ ಸೇರಿಸಿ ಕಟ್ಟಿದ ವಿಮಾನ, ಬೆಂಕಿ ಹತ್ತಿದ್ರೆ ಮುಗೀತು.

ದೊಡ್ಡಪ್ಪ ಮಾತ್ರ ಬೇರೆ ಒಂದು ಜಾಗದಲ್ಲಿ ಸಿಕ್ಕಾಕ್ಕೊಂಡ್ರು. ಡೆಕರ್ ತಪ್ಪಿಸ್ಕೊಂಡು ಓಡಿ ತನ್ನ ವಿಮಾನದ ಹತ್ರ ಬಂದಾಗ ತಡೆಯೋಕೆ ಬಂದ ಒಬ್ಬ ಮೆಕ್ಯಾನಿಕ್‌ಗೆ ಗುದ್ದಿ ಬೀಳಿಸ್ತಾನೆ. ನಾನು ಲ್ಯಾಪ್‌ಟಾಪ್‌ನಲ್ಲಿ ನೋಡಿದಾಗ ಆ ಮೆಕ್ಯಾನಿಕ್ ಇದ್ದಾನೆ ಅನ್ನೋದೇ ಗಮನಿಸಿರಲಿಲ್ಲ. ದೊಡ್ಡಪ್ಪ ಸಂಕಟ ಪಟ್ಕೊಂಡು ‘ಅವನಿಗ್ಯಾಕೆ ಹೊಡೆದ, ಅವನು ತನ್ನ ಕೆಲಸ ಮಾಡ್ತಿದ್ದ’ ಅಂದ್ರು. ಆಮೇಲೆ ಸುಮಾರು ಹೊತ್ತು ಮಾತಾಡಿದ್ರು, ಅವರು ಅಷ್ಟು ಮಾತಾಡಿದ್ದು ನಾನು ನೋಡಿಲ್ಲ. ಏರ್‌ಫೋರ್ಸ್‌ನಲ್ಲಿ ಫಾರಂ 700 ಅಂತ ಇರುತ್ತೆ, ವಿಮಾನ ಹಾರೋಕೆ ಮುಂಚೆ ಇಂಜಿನ್ ನೋಡಿದೋನು ಅದರಲ್ಲಿ ಸೈನ್ ಹಾಕ್ಬೇಕು, ಆಮೇಲೆ ಪೈಲಟ್ ಸೈನ್ ಹಾಕಿ ತಗೊಂಡು ಹೋಗ್ತಾನೆ. ಬೀದರ್‌ನಲ್ಲಿ ಹಾರೋರು ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗರು, ಬೆಳಿಗ್ಗೆ ಬೆಳಿಗ್ಗೆ ಬಂದು ‘ಎಲ್ಲಾ ಸರಿ ಇದೆಯಾ’ ಅಂತ ಮುಖ ನೋಡಿ ಕೇಳೋರು, ಇವರು ಸರಿ ಇದೆ ಅನ್ನೋರು, ಅದು ಹೋಗಿ ವಾಪಸ್ ಬಂದು ಚಕ್ರ ನೆಲ ಮುಟ್ಟೋವರೆಗೂ ಟೀ ಕುಡೀತಿರಲಿಲ್ಲವಂತೆ. ಗಂಟಲಲ್ಲಿ ಇಳೀತಿರಲಿಲ್ಲ. ಹದಿನೈದು ಇಪ್ಪತ್ತು ವರ್ಷ, ದಿನಾ. ‘ಹಾರೋನ ಭಯ ಎಲ್ಲರಿಗೂ ಕಾಣ್ತದೆ, ಸೈನ್ ಹಾಕಿದೋನು ಕೆಳಗೆ ನಿಂತ್ಕೊಂಡು ಆಕಾಶ ನೋಡ್ತಿರ್ತಾನಲ್ಲ’ ಅಂದ್ರು, ಮಾತು ಪೂರ್ತಿ ಮಾಡ್ಲಿಲ್ಲ. ಅವರು ಊರಿಗೆ ರಜಾ ಬಂದಾಗ್ಲೂ ಬೆಳಿಗ್ಗೆ ಹತ್ತು ಗಂಟೆವರೆಗೆ ಕಾಫಿ ಮುಟ್ತಿರಲಿಲ್ಲ ಅಂತ ಅಮ್ಮ ಆಗ ನೆನಪು ಮಾಡ್ಕೊಂಡ್ರು, ಏನೋ ವ್ರತ ಇರ್ಬೇಕು ಅಂದ್ಕೊಂಡಿದ್ರಂತೆ ಮನೆಯವರೆಲ್ಲ.

ಇಲ್ಲೇ ಆ ರೂಮಿನ ಬೆಲೆ ನನಗೆ ಗೊತ್ತಾಗಿದ್ದು. ಮಾಲ್‌ನ ಥಿಯೇಟರ್‌ನಲ್ಲಿ ಪಾಸ್ ಮಾಡಿ ಅನ್ನೋಕೆ ಆಗಲ್ಲ, ಮನೇಲಿ ಪಾಸ್ ಮಾಡಿದ್ರೆ ಯಾರೋ ಗ್ಯಾಸ್ ಆಫ್ ಮಾಡೋಕೆ ಎದ್ದು ಹೋಗ್ತಾರೆ. ಅಲ್ಲಿ ಕತ್ತಲು, ತಣ್ಣಗೆ ಎಸಿ, ಪರದೆ ಮೇಲೆ ನಿಂತೇ ಇರೋ ಆ ಪುಟ್ಟ ವಿಮಾನ, ಹಿಂದೆ ಆ ಹುಡುಗನೂ ರಿಮೋಟ್ ಹಿಡ್ಕೊಂಡು ಕೇಳ್ತಾ ನಿಂತಿದ್ದ. ಟೈಮ್ ಮುಗಿದು ಹತ್ತು ನಿಮಿಷ ಆಗಿತ್ತು, ಅವನು ಬಾಗಿಲು ತಟ್ಟಿಸ್ಲಿಲ್ಲ, ಎಕ್ಸ್‌ಟ್ರಾ ದುಡ್ಡೂ ಕೇಳ್ಲಿಲ್ಲ.

ಕನ್ನಡ ಸಬ್‌ಟೈಟಲ್ ಸಿಗಲ್ಲ, ಅದೊಂದು ಕೊರತೆ, ಅಮ್ಮನಿಗೆ ನಾನೇ ಪಕ್ಕದಲ್ಲಿ ಕೂತು ಹೇಳ್ತಾ ಹೋದೆ. ನಮ್ಮ ಊರಿಗೆ ಇಂಥಾ ನಾಟಕ ಹೊಸದೇನಲ್ಲ, 1935ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲೇ ಮೈಸೂರಲ್ಲಿ ಸ್ವಂತ ರೇಡಿಯೋ ಕೇಂದ್ರ ಶುರು ಮಾಡಿದ್ರು, ಅದಕ್ಕೇ ಆಕಾಶವಾಣಿ ಅನ್ನೋ ಹೆಸರು ಬಂತು. ಆಮೇಲೆ ಎಷ್ಟೋ ವರ್ಷ ರೇಡಿಯೋ ನಾಟಕ ಕೇಳಿ ಬೆಳೆದ ಮನೆ ನಮ್ಮದು. ದೆಹಲಿಯಲ್ಲಿ ಮೊದಲ ಟಿವಿ ಪ್ರಸಾರ ಆಗಿದ್ದು 1959ರ ಸೆಪ್ಟೆಂಬರ್ 15ಕ್ಕೆ, ಟ್ವೈಲೈಟ್ ಝೋನ್ ಅಮೆರಿಕದಲ್ಲಿ ಶುರುವಾಗಿದ್ದು ಅದೇ ವರ್ಷ ಅಕ್ಟೋಬರ್ 2ಕ್ಕೆ, ಮೂರು ವಾರವೂ ಅಂತರ ಇಲ್ಲ. ಯಾರಾದ್ರೂ ಇಂಥವನ್ನ ಚೆನ್ನಾಗಿ ಕನ್ನಡಕ್ಕೆ ಡಬ್ ಮಾಡ್ಲಿ, ರೇಡಿಯೋ ನಾಟಕದ ದನಿಗಳು ನಮ್ಮಲ್ಲಿ ಇನ್ನೂ ಇವೆ.

ಸಣ್ಣಪುಟ್ಟ ದೂರು ಅಂದ್ರೆ, ಎಸಿ ಬಹಳ ತಣ್ಣಗಿಡ್ತಾರೆ, ವಯಸ್ಸಾದವರಿಗೆ ಶಾಲು ತಗೊಂಡು ಹೋಗಿ. ಕಾರ್ ಪಾರ್ಕಿಂಗ್ ಕಷ್ಟ, ಸಂಜೆ ಆದ್ರೆ ಆ ರಸ್ತೆಯಲ್ಲಿ ಜಾಗನೇ ಇರಲ್ಲ. ಹೊರಗಿನ ತಿಂಡಿ ಬಿಡ್ತಾರೆ, ನಾವು ಮದ್ದೂರು ವಡೆ ತಗೊಂಡು ಹೋಗಿದ್ವಿ, ಕರುಮುರು ಸದ್ದಿಗೆ ಒಂದೆರಡು ಡೈಲಾಗ್ ಕೇಳಿಸ್ಲಿಲ್ಲ, ಪಾಸ್ ಮಾಡ್ಕೊಂಡಾಗ ತಿನ್ನೋದು ವಾಸಿ.

ಬರೋ ತಿಂಗಳಿಗೆ ಇನ್ನೊಂದು ಬುಕ್ ಮಾಡಿದ್ದೀನಿ, ಅದೇ ಸರಣಿಯ ‘ಕಿಂಗ್ ನೈನ್ ವಿಲ್ ನಾಟ್ ರಿಟರ್ನ್’, 1960ರ ಸೆಪ್ಟೆಂಬರ್ 30ಕ್ಕೆ ಬಂದಿದ್ದು. ಮರುಭೂಮಿಯಲ್ಲಿ ಬಿದ್ದ ಬಿ-25 ಬಾಂಬರ್ ಪಕ್ಕ ಕ್ಯಾಪ್ಟನ್ ಒಬ್ಬನೇ ಎಚ್ಚರ ಆಗ್ತಾನೆ, ಉಳಿದವರು ಯಾರೂ ಇಲ್ಲ. ಅದಕ್ಕೆ ಪ್ರೇರಣೆ ‘ಲೇಡಿ ಬಿ ಗುಡ್’ ಅನ್ನೋ ನಿಜವಾದ ಬಾಂಬರ್, 1943ರ ಏಪ್ರಿಲ್ 4ರ ರಾತ್ರಿ ಒಂಬತ್ತು ಜನರ ಸಮೇತ ಕಾಣೆಯಾಗಿ, ಹದಿನೈದು ವರ್ಷ ಆದ್ಮೇಲೆ ಲಿಬಿಯಾದ ಮರಳಲ್ಲಿ ಸಿಕ್ತು, ರೇಡಿಯೋ ಆಗಲೂ ಕೆಲಸ ಮಾಡ್ತಿತ್ತು. ದೊಡ್ಡಪ್ಪನಿಗೆ ಇದನ್ನ ಹೇಳಿದ ತಕ್ಷಣ ಕೇಳಿದ್ದು, ‘ಇಂಜಿನ್ ಏನಾಗಿತ್ತಂತೆ?’ ಈ ಸಲ ಮೂರು ಗಂಟೆ ಬುಕ್ ಮಾಡಿದ್ದೀನಿ. ಮರದ ಕುರ್ಚಿ ಹೇಳಿದ್ದೀನಿ, ಆ ಹುಡುಗನೇ ‘ತಾತ ಬರ್ತಾರಲ್ಲ ಅಕ್ಕ, ತೆಗೆದಿಟ್ಟಿರ್ತೀನಿ’ ಅಂದ.